ಬೀದಿ ಸಂಪರ್ಕ ಮತ್ತು ನಗರದ ಹರಹು

ಒಂದು ಪ್ರದೇಶದ ಬೀದಿಗಳು ಪರಸ್ಪರ ಎಷ್ಟರ ಮಟ್ಟಿಗೆ ಕೂಡಿಕೊಂಡಿವೆ ಎಂಬುದನ್ನು ಬೀದಿ ಸಂಪರ್ಕವೆಂದೂ, ನಗರವು ವಿರಳವಾಗಿ, ಶಿಸ್ತಿಲ್ಲದೆ ಹೊರವಲಯಕ್ಕೆ ಚಾಚಿಕೊಳ್ಳುವುದನ್ನು ಹರಹು ಎಂದೂ ಕರೆಯುತ್ತಾರೆ. ಪ್ರತಿ ಕೂಡುಜಾಗದಲ್ಲಿ ಸೇರುವ ಬೀದಿಗಳ ಸರಾಸರಿ ಸಂಖ್ಯೆ ಸಂಪರ್ಕದ ಸರಳ ಅಳತೆ. ಚೌಕಕ್ಕೆ ಇದು 4, ಮುಂದೆ ದಾರಿಯಿಲ್ಲದ ಬೀದಿಯ ತುದಿಗೆ 1. ಅಮೆರಿಕದಲ್ಲಿ 1929ರಲ್ಲಿ ರೂಪುಗೊಂಡ ನ್ಯೂಜೆರ್ಸಿಯ ರ್‍ಯಾಡ್‌ಬರ್ನ್ ಬಡಾವಣೆಯು ವಾಹನಗಳಿಂದ ಪಾದಚಾರಿಗಳನ್ನು ಕಾಪಾಡಲು ಇಂಥ ಮುಚ್ಚುಬೀದಿಗಳನ್ನು ಬಳಸಿತು. ಆದರೆ ಅದರಲ್ಲಿದ್ದ ಕಾಲುದಾರಿಗಳನ್ನು ಕೈಬಿಟ್ಟು ಮುಚ್ಚುಬೀದಿಗಳನ್ನಷ್ಟೇ ಅನುಕರಿಸಿದ ಮುಂದಿನ ಉಪನಗರಗಳಲ್ಲಿ, ಹಿತ್ತಿಲಿಗೆ ಹೊಂದಿಕೊಂಡ ಮನೆಗೂ ಸುತ್ತುಬಳಸಿ ಕಾರಿನಲ್ಲೇ ಹೋಗಬೇಕಾಯಿತು.

ಬೆಂಗಳೂರಿನಲ್ಲಿ ಬೀದಿಗಳು ಕೂಡಿಕೊಳ್ಳದಿರಲು ಕಾರಣ ಬೇರೆ. 1890ರ ದಶಕದಲ್ಲಿ ಯೋಜಿತವಾದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮುಖ್ಯರಸ್ತೆಗಳೂ ಅಡ್ಡರಸ್ತೆಗಳೂ ಜಾಲದಂತೆ ಹೆಣೆದುಕೊಂಡಿದ್ದರೆ, ಹೊರವಲಯದಲ್ಲಿ ಕೃಷಿಭೂಮಿಯನ್ನು ಹಿಡುವಳಿಯ ಗಡಿಯಂತೆ ತುಂಡರಿಸಿ ಮಾಡಿದ ರೆವಿನ್ಯೂ ನಿವೇಶನಗಳ ಬೀದಿಗಳು ಹಲವೆಡೆ ಪಕ್ಕದ ಜಮೀನಿನ ಬೇಲಿಗೇ ನಿಂತುಬಿಡುತ್ತವೆ. 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿಗಳನ್ನು ಮಹಾನಗರ ಪಾಲಿಕೆಗೆ ಸೇರಿಸಿದಾಗ ಆಡಳಿತದ ಗಡಿ ಒಂದಾಯಿತೇ ಹೊರತು ಬೀದಿಗಳು ಒಂದಾಗಲಿಲ್ಲ. ಕಟ್ಟಡಗಳು ಎದ್ದ ಮೇಲೆ ಬೀದಿಗಳನ್ನು ಜೋಡಿಸಲು ಭೂಸ್ವಾಧೀನವೇ ಬೇಕಾಗುತ್ತದೆ.