ಒಂದೆಲಗವನ್ನು ನೆಡುವ ಕಾಲ

ಮರದ ನೆರಳಿನಲ್ಲಿ ನೆಲಕ್ಕೆ ಹಬ್ಬಿ ಗೆಣ್ಣುಗೆಣ್ಣಿಗೂ ಬೇರು ಬಿಡುವ ಒಂದೆಲಗವು ನಮ್ಮ ನೆಲದ ಸಸ್ಯ. ಸಂಸ್ಕೃತದಲ್ಲಿ ಇದು ಮಂಡೂಕಪರ್ಣಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಇದನ್ನು ಯಾವಾಗ ನೆಡಬೇಕೆಂಬ ಪ್ರಶ್ನೆಯು ತೋಟಗಾರಿಕೆಗೆ ಮಾತ್ರ ಸೇರಿದುದೆಂದು ತೋರಬಹುದು. ಆದರೆ ಉತ್ತರವನ್ನು ಅರಸಹೊರಟರೆ ಪಂಚಾಂಗದ ಇತಿಹಾಸವನ್ನೂ ನೋಡಬೇಕಾಗುತ್ತದೆ.

ನಮ್ಮ ಒಕ್ಕಲುಮಕ್ಕಳು ಮಳೆಗಳನ್ನು ಸೂರ್ಯನಿರುವ ನಕ್ಷತ್ರದಿಂದ ಹೆಸರಿಸುತ್ತಾರೆ. ಈಗ ಮೃಗಶಿರೆಯು ಜೂನ್ 8ರ ಸುಮಾರಿಗೂ ಆರ್ದ್ರೆಯು 22ರ ಸುಮಾರಿಗೂ ಹಸ್ತವು ಸೆಪ್ಟೆಂಬರ್ 27ರ ಸುಮಾರಿಗೂ ಹುಟ್ಟುತ್ತವೆ. ಈ ಎಣಿಕೆಯು ನಿರಯಣವಾದುದರಿಂದ ನಕ್ಷತ್ರದ ದಿನವು ಋತುವಿನಲ್ಲಿ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಮುಂದಕ್ಕೆ ಸರಿಯುತ್ತದೆ. 6ನೆಯ ಶತಮಾನದ ವರಾಹಮಿಹಿರನು, ದಕ್ಷಿಣಾಯನವು ಹಿಂದೆ ಆಶ್ಲೇಷೆಯ ನಡುವಿನಿಂದ ಮೊದಲಾಗುತ್ತಿದ್ದು ತನ್ನ ಕಾಲಕ್ಕೆ ಕರ್ಕಾಟಕದ ಆದಿಯಿಂದ ಮೊದಲಾಗುತ್ತದೆಂದು ಬೃಹತ್ಸಂಹಿತೆಯಲ್ಲಿ ಹೇಳಿದ್ದಾನೆ. ಇಂದು ಆ ಗಳಿಗೆಯಲ್ಲಿ ಸೂರ್ಯನು ಆರ್ದ್ರೆಯ ಹೊಸ್ತಿಲಲ್ಲಿರುತ್ತಾನೆ. ಅಂತರವು ಮೂರು ವಾರಗಳಿಗೂ ಮಿಗಿಲು. ಹಳೆಯ ಗ್ರಂಥದಲ್ಲಿ ನಕ್ಷತ್ರದ ಹೆಸರು ಕಂಡೊಡನೆ ಈಗಿನ ಪಂಚಾಂಗದ ದಿನಾಂಕವನ್ನು ಪಕ್ಕದಲ್ಲಿ ಬರೆದುಬಿಡುವುದು ಸರಿಯೆಂದು ನಾವು ಒಪ್ಪಲಾರೆವು.

ಕಾಲಭೇದದಂತೆ ಸ್ಥಳಭೇದವೂ ಉಂಟು. ಆಶ್ಲೇಷೆಯ ಮಳೆಗೆ ಹೊಳೆ ಈಸಲಾಗದೆಂಬ ಗಾದೆ ಮಲೆನಾಡಿಗೆ ಹೊಂದೀತು. ಗೌರಿಬಿದನೂರಿನ ಉತ್ತರ ಪಿನಾಕಿನಿಗೆ ಹೊಂದದು. ಈ ಬಯಲುಸೀಮೆಯಲ್ಲಿ ಮಳೆ ಬಲಿಯುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಮೃಗಶಿರೆಯನ್ನು ನಂಬಿ ನೆಟ್ಟ ಬಳ್ಳಿಯು ಜುಲೈ ತಿಂಗಳ ಗಾಳಿಗೂ ಮಳೆಯ ಬಿಡುವಿಗೂ ಸಿಕ್ಕಿ ಬಾಡುವ ಸಂಭವವೇ ಹೆಚ್ಚು. ಉತ್ತರೆ, ಹಸ್ತಗಳಲ್ಲಿ ನೆಟ್ಟುದಕ್ಕೆ ಬೇರೂರಲು ಹದ ದೊರೆಯುತ್ತದೆ.

ಆದರೆ ಹದವು ಚಳಿಗಾಲವನ್ನು ದಾಟಿ ಉಳಿಯುವುದು ಹೇಗೆ? ಇಲ್ಲಿ ಕೆರೆಯ ವಿಚಾರ ಬರುತ್ತದೆ. ಜೀವನದಿಯಿಲ್ಲದ ಈ ನಾಡಿನಲ್ಲಿ ಒಂದೆಲಗಕ್ಕೆ ಬೇಸಗೆಯ ಆಸರೆಯೆಂದರೆ ತೂಬಿನ ಕಾಲುವೆಯ ಅಂಚು, ಬಾವಿಯ ಕಟ್ಟೆ, ತೆಂಗು ಬಾಳೆಗಳ ಬುಡ. 1876ರಿಂದ 1878ರ ವರೆಗೆ, ಧಾತು ಈಶ್ವರ ಸಂವತ್ಸರಗಳಲ್ಲಿ, ಮೈಸೂರು ಸಂಸ್ಥಾನವನ್ನು ಕ್ಷಾಮವು ಸುಟ್ಟಿತು. 1871ರ ಖಾನೇಷುಮಾರಿಯಲ್ಲಿ 50,55,412 ಇದ್ದ ಜನಸಂಖ್ಯೆಯು 1881ರಲ್ಲಿ 41,86,188ಕ್ಕೆ ಇಳಿಯಿತು. ನಕ್ಷತ್ರಗಳೇನೋ ಆ ವರ್ಷಗಳಲ್ಲಿಯೂ ತಪ್ಪದೆ ಹುಟ್ಟಿದ್ದವು.

ಕೊಳವೆಬಾವಿಗಳು ಸಾವಿರ ಅಡಿಯ ಆಳವನ್ನು ಮುಟ್ಟಿರುವ ಇಂದಿಗೂ ತೂಬಿನ ನೀರೇ ಹೆಚ್ಚು ನಂಬತಕ್ಕ ಗುರುತೆಂದು ನಮ್ಮ ಅಭಿಪ್ರಾಯ. ಕೆರೆಯಲ್ಲಿ ನೀರು ನಿಂತ ವರ್ಷ, ಹಸ್ತದ ಮಳೆಯಲ್ಲಿ, ಬೇರಿರುವ ಗೆಣ್ಣುಗಳನ್ನು ನೆರಳಿನಲ್ಲಿ ನೆಡಬಹುದು. ಕೆರೆ ಬರಿದಾಗಿದ್ದರೆ ಬಚ್ಚಲ ನೀರು ಹರಿಯುವ ಹಿತ್ತಲೊಂದೇ ಅದಕ್ಕೆ ತಾವು.