ಮರಿಯಮ್ಮನೂ ಮಾರಮ್ಮನೂ: ತಡವಾಗಿ ಕೊಟ್ಟ ಒಂದು ಉತ್ತರ

ಮೊನ್ನೆ ಸೆಪ್ಟೆಂಬರ್ ಎಂಟರಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ ಒಂದು ಮಿಂಚಂಚೆ ಬಂದಿತು. ಅಂದು ಮಾತೆ ಮರಿಯಮ್ಮನವರ ಜನ್ಮದಿನದ ಹಬ್ಬ. ಶುಭಾಶಯದ ಕೊನೆಯಲ್ಲಿ ಅವನು, "ಮೇಷ್ಟ್ರೇ, ನೀವು ತರಗತಿಯಲ್ಲಿ ಹೇಳಿದ ಉತ್ತರ ನೆನಪಿದೆಯೇ?" ಎಂದು ಕೇಳಿದ್ದನು. ನೆನಪಿತ್ತು. ಮರೆಯಬೇಕೆಂದು ಯತ್ನಿಸಿದ್ದರಿಂದಲೇ ಇನ್ನೂ ಚೆನ್ನಾಗಿ ನೆನಪಿತ್ತು.

1979ರ ಸುಮಾರಿನ ಮಾತು. ಆತನ ತಂದೆ ಸರ್ಕಾರಿ ನೌಕರರು, ವರ್ಗವಾಗಿ ನಮ್ಮ ಕಡೆಗೆ ಬಂದಿದ್ದರು. ಇಡೀ ಶಾಲೆಗೆ ಅವನೊಬ್ಬನೇ ಕ್ರೈಸ್ತ ಬಾಲಕ. ಅವನ ತಾಯಿ ಹಾಸಿಗೆ ಹಿಡಿದಿದ್ದರು. ಅಂಗಿಯ ಜೇಬಿನಲ್ಲಿ ಜಪಮಾಲೆಯೊಂದನ್ನು ಇಟ್ಟುಕೊಂಡು ಬಿಡುವಿನ ವೇಳೆಯಲ್ಲಿ ಮಣಿ ಎಣಿಸುತ್ತಿದ್ದುದನ್ನು ಕಂಡ ಹುಡುಗರು, "ಸಾರ್, ಇವನ ಮರಿಯಮ್ಮ, ನಮ್ಮ ಮಾರಮ್ಮ ಒಂದೇನಾ ಸಾರ್?" ಎಂದು ಕೇಳಿದರು. ನಾನು ಉದಾರಿಯೆಂಬ ಹೆಮ್ಮೆಯಿಂದ, "ಎರಡೂ ಒಂದೇ ಕಣ್ರೋ, ಹೆಸರು ಬೇರೆ ಅಷ್ಟೇ" ಎಂದೆ. ತರಗತಿಗೆ ಸಮಾಧಾನವಾಯಿತು. ಆ ಹುಡುಗ ಮಾತ್ರ ತಲೆ ತಗ್ಗಿಸಿ ಕುಳಿತಿದ್ದನು. ಒಳ್ಳೆಯ ಮಾತೇ ಆಡಿದೆನಲ್ಲ, ಇವನಿಗೇಕೆ ಬೇಸರ ಎಂದು ಅಂದು ನನಗೆ ತಿಳಿಯಲಿಲ್ಲ.

ಇಂದು ಯೋಚಿಸಿದರೆ ಆ ಉತ್ತರದಲ್ಲಿ ಎರಡು ಕಡೆಗೂ ಅನ್ಯಾಯವಿತ್ತು.

ಮೊದಲು ನಮ್ಮ ಮಾರಮ್ಮನ ವಿಚಾರ. ಕೆಂಚಾರ್ಲಹಳ್ಳಿಯ ಸುತ್ತಿನ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ತಂಬಿಟ್ಟಿನ ದೀಪ, ಬೇವಿನ ಸೊಪ್ಪು, ತಮಟೆ ಎಲ್ಲವನ್ನೂ ಕಣ್ಣಾರೆ ಕಂಡವರು ನಾವು. ಸಿಡುಬು ಬಂದರೆ "ಅಮ್ಮ ಬಂದಿದ್ದಾಳೆ" ಎನ್ನುತ್ತಿದ್ದರೇ ವಿನಾ ರೋಗವೆನ್ನುತ್ತಿರಲಿಲ್ಲ. ಬಂದವಳೂ ಅವಳೇ, ತಣಿದು ಹೋಗಬೇಕಾದವಳೂ ಅವಳೇ. ಅವಳು ಸ್ವತಃ ಶಕ್ತಿ, ಮುನಿಯುವಳು, ಒಲಿಯುವಳು. ಅವಳ ಮುಂದೆ ನಿಂತ ಮೇಲೆ ಇನ್ನೊಬ್ಬರ ಬಳಿಗೆ ಹೋಗಿ ಹೇಳೆಂದು ಬೇಡುವ ಪ್ರಶ್ನೆಯೇ ಇಲ್ಲ.

ಕ್ರೈಸ್ತರ ಮರಿಯಮ್ಮನವರು ಹಾಗಲ್ಲ. ಕಥೋಲಿಕರ ನಂಬಿಕೆಯಲ್ಲಿ ಅವರು ದೇವರಲ್ಲ, ದೇವಿಯೂ ಅಲ್ಲ. ಯೇಸುವನ್ನು ಹೆತ್ತ ಮಾನವ ಸ್ತ್ರೀ. ವರ ಕೊಡುವವರಲ್ಲ, ಕೇಳಿಕೊಡುವವರು. ಇದಕ್ಕೆ ಮೂಲವಾಗಿ ಯೊವಾನ್ನನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಒಂದು ಮದುವೆಮನೆಯ ಪ್ರಸಂಗವಿದೆ. ಗಲಿಲೇಯದ ಕಾನಾ ಊರಿನಲ್ಲಿ ಊಟದ ನಡುವೆ ದ್ರಾಕ್ಷಾರಸ ಮುಗಿದುಹೋಗುತ್ತದೆ. ಮನೆಯವರ ಮಾನ ಹೋಗುವ ಹೊತ್ತು. ಯಾರೂ ಕೇಳುವ ಮೊದಲೇ ಅದನ್ನು ಗಮನಿಸಿದವರು ಆ ತಾಯಿ. ಮಗನ ಕಿವಿಗೆ ವಿಷಯ ಹಾಕಿ, ಅವನು ಹೇಳಿದಂತೆ ಮಾಡಿರೆಂದು ಆಳುಗಳಿಗೆ ತಿಳಿಸಿ ಹಿಂದೆ ಸರಿಯುತ್ತಾರೆ. ಪವಾಡ ಮಗನದು, ತಾಯಿಯ ಪಾಲಿನದು ಒಂದು ಬಿನ್ನಹ ಮಾತ್ರ. ನಮ್ಮ ಮನೆಗಳಲ್ಲಿ ಅಪ್ಪನಿಗೆ ಹೇಳಲಾಗದ್ದನ್ನು ಅಮ್ಮನ ಮೂಲಕ ಹೇಳಿಸುತ್ತಿದ್ದೆವಲ್ಲ, ಅದನ್ನು ನೆನೆದರೆ ಸಾಕು.

ಕಥೋಲಿಕರ ಮನವಿಮಾಲೆಯ ವ್ಯಾಕರಣವೂ ಇದನ್ನೇ ಹೇಳುತ್ತದೆ. (ಕನ್ನಡ ಮೇಷ್ಟ್ರಿಗೆ ವ್ಯಾಕರಣ ಬಿಟ್ಟು ಬೇರೇನು ಕಾಣಿಸೀತು!) 1587ರಲ್ಲಿ ಐದನೆಯ ಸಿಕ್ಸ್ತಸ್ ಪೋಪರು ಮನ್ನಣೆ ಕೊಟ್ಟ ಲೊರೆಟೊ ಮನವಿಮಾಲೆಯಲ್ಲಿ ಮರಿಯಮ್ಮನವರಿಗೆ ಹತ್ತಾರು ಬಿರುದುಗಳಿವೆ: ಮುಂಜಾವಿನ ನಕ್ಷತ್ರ, ರೋಗಿಗಳ ಆರೋಗ್ಯ, ಪಾಪಿಗಳ ಆಶ್ರಯ ಎಂಬಿತ್ಯಾದಿ. ಮೊದಲಲ್ಲಿ ದೇವರನ್ನು ಸಂಬೋಧಿಸುವಾಗ ಕ್ರಿಯಾಪದ ಕರುಣಿಸುವುದು. ಮರಿಯಮ್ಮನವರ ಹೆಸರು ಬಂದೊಡನೆ ಅದು ಬದಲಾಗಿ ಪ್ರಾರ್ಥಿಸುವುದು ಎಂದಾಗುತ್ತದೆ. ಬಿರುದು ಎಷ್ಟೇ ದೊಡ್ಡದಿರಲಿ, ಕ್ರಿಯಾಪದ ಮಾತ್ರ ಬದಲಾಗದು. 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಇದನ್ನೇ ವಿಧ್ಯುಕ್ತವಾಗಿ ಹೇಳಿತು: ಈ ತಾಯಿಯ ಪಾತ್ರವು ಕ್ರಿಸ್ತನೊಬ್ಬನೇ ಮಧ್ಯಸ್ಥನೆಂಬುದನ್ನು ಕಿಂಚಿತ್ತೂ ಕುಗ್ಗಿಸದು.

ಹಾಗಾದರೆ ಜನ ಆಕೆಯ ಕಡೆಗೆ ತಿರುಗಿದ್ದು ಯಾವಾಗ? ಪಂಡಿತರು ಅಪ್ಪಣೆ ಕೊಟ್ಟ ಮೇಲೆಯೇ? ಇಲ್ಲಿ ಒಂದು ಸಣ್ಣ ಚೂರು ನನ್ನನ್ನು ಬಹಳ ಕಾಡಿದೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿ ಈಜಿಪ್ಟಿನಿಂದ ತಂದ 470ನೆಯ ಸಂಖ್ಯೆಯ ಪ್ಯಾಪಿರಸ್ ಒಂದಿದೆ. ಅಂಗೈಯಷ್ಟಗಲದ ಹರಕು. 1938ರಲ್ಲಿ ಪ್ರಕಟವಾಯಿತು. ಅದರಲ್ಲಿರುವುದು ಗ್ರೀಕ್ ಭಾಷೆಯ ಒಂದು ಪುಟ್ಟ ಪ್ರಾರ್ಥನೆ: ಕಷ್ಟಕಾಲದಲ್ಲಿ ದೇವಮಾತೆಯ ಕರುಣೆಯ ಮರೆಗೆ ಓಡಿಬಂದವರ ಮೊರೆ. ಕಾಲದ ವಿಷಯದಲ್ಲಿ ಲಿಪಿತಜ್ಞರಿಗೆ ಒಮ್ಮತವಿಲ್ಲ. ಕೆಲವರು ಮೂರನೆಯ ಶತಮಾನವೆಂದರೆ, ಇನ್ನು ಕೆಲವರು ಎಷ್ಟೋ ಈಚಿನದೆನ್ನುತ್ತಾರೆ. ಮೊದಲಿನವರ ಮಾತು ನಿಜವಾದರೆ, 431ರಲ್ಲಿ ಎಫೆಸಸ್ ಮಹಾಸಭೆಯು ಆಕೆಯನ್ನು 'ದೇವಮಾತೆ' ಎಂದು ಕರೆಯಬಹುದೆಂದು ತೀರ್ಮಾನಿಸುವ ಮೊದಲೇ ಯಾರೋ ಹಾಗೆ ಕೂಗಿ ಕರೆದಾಗಿತ್ತು. ಇನ್ನೊಂದು ಸ್ವಾರಸ್ಯ. ಅಲ್ಲಿ ಕರುಣೆಗೆ ಬಳಸಿದ ಗ್ರೀಕ್ ಪದದ ಮೂಲಾರ್ಥ ಹೊಟ್ಟೆಯೊಳಗಿನ ಕರುಳು. 'ಹೆತ್ತ ಕರುಳು' ಎನ್ನುವ ಕನ್ನಡಿಗರಿಗೆ ಆ ಪದಕ್ಕೆ ಟೀಕೆ ಬೇಕಿಲ್ಲ.

ಜಪಮಾಲೆಯ 'ನಮೋ ಮರಿಯಾ' ಪ್ರಾರ್ಥನೆಯೂ ಹೀಗೆಯೇ ಬೆಳೆದದ್ದು. ಅದರ ಮೊದಲರ್ಧ ಲೂಕನ ಶುಭಸಂದೇಶದಲ್ಲಿ ದೇವದೂತ ಗಬ್ರಿಯೇಲನೂ ಬಂಧು ಎಲಿಜಬೇತಳೂ ಆಡಿದ ವಂದನೆ ಮಾತ್ರ. ಶತಮಾನಗಳ ಕಾಲ ಜನ ಅಷ್ಟನ್ನೇ ಹೇಳುತ್ತಿದ್ದರು. ಈಗಲೂ ಸಾಯುವಾಗಲೂ ನಮಗಾಗಿ ಬೇಡಿಕೊಳ್ಳೆಂಬ ಕೊನೆಯ ಭಾಗ ಜನರ ಬಾಯಿಂದ ಮೆಲ್ಲಮೆಲ್ಲನೆ ಸೇರಿಕೊಂಡು, 1568ರಲ್ಲಿ ಐದನೆಯ ಪಿಯುಸ್ ಪೋಪರ ಪ್ರಾರ್ಥನಾಗ್ರಂಥದಲ್ಲಿ ಸ್ಥಿರವಾಯಿತು.

ಈ ಪ್ರಾರ್ಥನೆ ನಮ್ಮ ಸೀಮೆಗೆ ಬಂದದ್ದೂ ನಿನ್ನೆ ಮೊನ್ನೆಯಲ್ಲ. ಯೇಸು ಸಭೆಯ ಇಟಲಿಯ ಗುರು ಲಿಯೊನಾರ್ದೊ ಚಿನ್ನಾಮಿ 17ನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ಧರ್ಮೋಪದೇಶ ಬರೆದರು. ನಮಗೆ ಇನ್ನೂ ಹತ್ತಿರದವರು ಫ್ರಾನ್ಸಿನ ಎತಿಯೆನ್ ಲೆ ಗಾಕ್. ಇವರು ಪುಂಗನೂರು, ಚಿಕ್ಕಬಳ್ಳಾಪುರಗಳ ತೆಲುಗುಸೀಮೆಯಲ್ಲಿ ಸಂಚರಿಸಿದವರು. 1709ರ ಜನವರಿಯಲ್ಲಿ ಅವರು ಬರೆದ ಪತ್ರವೊಂದು ಫ್ರೆಂಚ್ ಪತ್ರಸಂಕಲನದಲ್ಲಿ ಅಚ್ಚಾಗಿದೆ. ಬರೆದ ಸ್ಥಳ 'ಚಿನ್ನಬಳ್ಳಾಪುರಂ'. ನಮ್ಮ ಚಿಕ್ಕಬಳ್ಳಾಪುರವೇ! ಸಂತೆಗೆ ಹೋಗಿಬರುತ್ತಿದ್ದ ಊರಿನ ಹೆಸರನ್ನು ಅಲ್ಲಿ ಕಂಡಾಗ, ನನ್ನ ಶಿಷ್ಯನ ಜಪಮಾಲೆಯನ್ನು ನಾವು ಪರದೇಶದ ವಸ್ತುವೆಂಬಂತೆ ನೋಡಿದ್ದು ನೆನಪಾಗಿ ನಾಚಿಕೆಯಾಯಿತು.

ಆ ಪತ್ರ ಓದಿದ ಮೇಲೆ ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾಕ್ಕೆ ಹೋಗಿಬಂದೆ. ಸೆಂಜಿಯ ಕಡೆಯಿಂದ ವಲಸೆ ಬಂದ ತಮಿಳು ಕ್ರೈಸ್ತರು ಅಲ್ಲಿ 'ಕಾಣಿಕೆ ಮಾತೆ'ಗೆ ಗುಡಿ ಕಟ್ಟಿಕೊಂಡಿದ್ದರೆಂದು ಪ್ರತೀತಿ. ಮುಂದೆ ಅಬ್ಬೆ ದುಬಾಯ್ ಆ ಜನರ ಯೋಗಕ್ಷೇಮ ನೋಡಿಕೊಂಡರು. ಮೈಸೂರು ಸೀಮೆಯಲ್ಲಿ ಸಿಡುಬಿಗೆ ಲಸಿಕೆ ಹಾಕಿಸಲು ಓಡಾಡಿದವರೂ ಇದೇ ದುಬಾಯ್ ಅವರು. ಆ ಲಸಿಕೆಗೆ ನಮ್ಮ ಜನ 'ದೇವಿ ಹಾಕುವುದು' ಎಂದೇ ಹೆಸರಿಟ್ಟರು! ಈಗಿನ ಗೋಥಿಕ್ ಕಟ್ಟಡವನ್ನು ಪಾದ್ರಿ ಕ್ಲೈನರ್ ಕಟ್ಟಿಸಿದರು. 1882ರ ಸೆಪ್ಟೆಂಬರ್ 8ರಂದು ಅದರ ಪ್ರತಿಷ್ಠೆಯಾಯಿತು. ಬೆಸಿಲಿಕಾ ಪದವಿ ದೊರೆತದ್ದು 1973ರಲ್ಲಿ. ಆಗಸ್ಟ್ 29ಕ್ಕೆ ಬಾವುಟ ಏರಿದರೆ ಸೆಪ್ಟೆಂಬರ್ ಎಂಟರ ತೇರಿನವರೆಗೆ ಕಾವಿ ಬಣ್ಣದ ಬಟ್ಟೆಯುಟ್ಟ ಭಕ್ತರ ಸಂದಣಿ.

ನಾನು ಹೋದ ದಿನ ಜನ ಹೆಚ್ಚಿರಲಿಲ್ಲ. ಮರಿಯಮ್ಮನವರಿಗೆ ಸೀರೆ ಉಡಿಸಿದ್ದರು. ಕುಂಕುಮವಿಟ್ಟ ಹೆಂಗಸೊಬ್ಬಳು ಮೇಣದ ಬತ್ತಿ ಹಚ್ಚಿ ಸೆರಗೊಡ್ಡಿ ನಿಂತಿದ್ದಳು. ಅವಳ ಪಕ್ಕದಲ್ಲಿ ಬುರ್ಖಾ ಧರಿಸಿದ ತಾಯಿ, ಕಂಕುಳಲ್ಲಿ ಮಗು. ಆಕೆಯನ್ನು ತಡೆದು ಮಾರಮ್ಮನೂ ಈಕೆಯೂ ಬೇರೆಯೆಂದು ಪಾಠ ಹೇಳುವಷ್ಟು ಮೂರ್ಖ ನಾನಲ್ಲ. ಮೊರೆಯಿಡುವ ಹೊಟ್ಟೆಯ ಸಂಕಟ ಒಂದೇ. ಅಷ್ಟರಮಟ್ಟಿಗೆ ಅಂದಿನ ನನ್ನ ಮಾತು ನಿಜ. ಆದರೆ ಅದನ್ನು ಹೇಳುವ ಹಕ್ಕು ಸೆರಗೊಡ್ಡಿದವಳದು. ಜೇಬಿನಲ್ಲಿ ಮಣಿ ಎಣಿಸುತ್ತಿದ್ದ ಹುಡುಗನನ್ನು ಒಂದು ಮಾತೂ ಕೇಳದೆ ಪಾಠ ಮುಗಿಸಿದ ಮೇಷ್ಟ್ರದಲ್ಲ. "ನೀನೇ ಹೇಳಪ್ಪ, ಆ ಮಣಿ ಎಣಿಸುವಾಗ ಏನೆಂದು ಬೇಡುತ್ತೀಯೆ?" ಎಂದು ಕೇಳಬಹುದಿತ್ತು. ಆ ತಾಯಿ ಮುಂದಿನ ಯುಗಾದಿಗೆ ಮೊದಲೇ ತೀರಿಕೊಂಡರು. ಕುಟುಂಬ ಊರು ಬಿಟ್ಟಿತು.

ಇದನ್ನೆಲ್ಲ ಬರೆದು ಮೊದಲು ಅವನಿಗೇ ಕಳುಹಿಸಿದೆ. ಎರಡು ದಿನದಲ್ಲಿ ಉತ್ತರ ಬಂದಿತು. "ಚೆನ್ನಾಗಿದೆ ಮೇಷ್ಟ್ರೇ. ಆದರೆ ಒಂದು ಕಡೆ 'ಮರಿಯಮ್ಮನ ಪೂಜೆ' ಎಂದು ಬರೆದಿದ್ದೀರಿ. ಪೂಜೆ ಎಂದರೆ ನಮ್ಮಲ್ಲಿ ಬಲಿಪೂಜೆ, ಅದು ದೇವರಿಗೆ ಮಾತ್ರ. ಅಮ್ಮನಿಗೆ ವಂದನೆ ಎಂದು ತಿದ್ದಿಬಿಡಿ." ಕಥೋಲಿಕ ಶಾಸ್ತ್ರಜ್ಞರು ಗ್ರೀಕಿನ ಲಾತ್ರಿಯಾ, ದೂಲಿಯಾ ಎಂಬ ಎರಡು ಪದಗಳಿಂದ ಮಾಡುವ ಭೇದವನ್ನು ಅವನು ಒಂದೇ ಸಾಲಿನಲ್ಲಿ ಹೇಳಿದ್ದನು.

ತಿದ್ದಿದ್ದೇನೆ.