ಪಹಣಿ ನಡೆದು ಬಂದ ಹಾದಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಒಂದೇ ಕಂದಾಯ ಉಪವಿಭಾಗದ ನಾಲ್ಕು ತಾಲ್ಲೂಕುಗಳು. ಹೆಚ್ಚಾಗಿ ಮಳೆಯನ್ನೇ ನಂಬಿದ ಸೀಮೆ. ಶೇಂಗಾ ಬಿತ್ತನೆಗೆ ಬ್ಯಾಂಕಿನ ಬೆಳೆಸಾಲ ಸಿಗಬೇಕಾದರೆ ಜಮೀನಿನ ಹಕ್ಕು, ಬೆಳೆಗಳ ದಾಖಲೆಯಾದ ಪಹಣಿ ಬೇಕು. ಈ ಹಾಳೆಯ ಚರಿತ್ರೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ: ಸೇವೆಗೆಂದು ಹೊಸ ಬಾಗಿಲು ತೆರೆದಾಗ ರೈತನ ಅಲೆದಾಟ ಕಡಿಮೆಯಾಯಿತೇ ಹೊರತು ಮುಗಿಯಲಿಲ್ಲ, ಅವನು ಮೊದಲಿನಿಂದಲೂ ಹೋಗುತ್ತಿದ್ದ ಕಡೆಯೇ ಸೇವೆ ಸಿಕ್ಕಾಗ ಮುಗಿಯಿತು. 

ವಂಶಪಾರಂಪರ್ಯದ ಶಾನುಭೋಗಿಕೆ 1963ರಲ್ಲಿ ರದ್ದಾಯಿತು. ದಫ್ತರ ಗ್ರಾಮ ಲೆಕ್ಕಿಗರ ಕೈಗೆ ಬಂತು. ರಾಜ್ಯದಲ್ಲಿ ಸುಮಾರು 9,000 ಲೆಕ್ಕಿಗರಿದ್ದರು. ಅವರು ಸಿಕ್ಕಾಗಲೇ ಪಹಣಿ. 2002ರ ಹೊತ್ತಿಗೆ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆ 177 ತಾಲ್ಲೂಕುಗಳಿಗೂ ಬಂದು, 15 ರೂಪಾಯಿಗೆ ಮುದ್ರಿತ ಪಹಣಿ ಯಾರ ಹಂಗೂ ಇಲ್ಲದೆ ಸಿಗತೊಡಗಿತು. ದೊಡ್ಡ ಬಿಡುಗಡೆಯೇ ಅದು. ಆದರೆ ನಾಗಲಮಡಿಕೆ ಹೋಬಳಿಯವರು ಪಾವಗಡಕ್ಕೆ, ಮಿಡಿಗೇಶಿಯವರು ಮಧುಗಿರಿಗೆ ಬರಲೇಬೇಕಿತ್ತು. ಮುಂದೆ ನೆಮ್ಮದಿ ಕೇಂದ್ರ, 2012ರಿಂದ ನಾಡಕಚೇರಿಗಳ ಅಟಲ್‌ಜೀ ಜನಸ್ನೇಹಿ ಕೇಂದ್ರ ಬಂದು ದಾರಿ ಹೋಬಳಿಯಷ್ಟಕ್ಕೆ ಇಳಿಯಿತು.

ನಿಜವಾದ ತಿರುವು ಸಾಲದ ಕೆಲಸದಲ್ಲಿದೆ. ಬೆಳೆಸಾಲಕ್ಕೆ ನಮೂನೆ-3ರ ಘೋಷಣೆ ಬರೆದುಕೊಟ್ಟು, ಅದು ಉಪನೋಂದಣಿ ಕಚೇರಿಯಲ್ಲಿ ದಾಖಲಾಗಿ, ಪಹಣಿಯ 11ನೇ ಕಲಂನಲ್ಲಿ ಬ್ಯಾಂಕಿನ ಋಣ ಏರಬೇಕು. ಮೊದಲು ಒಂದು ಸಾಲಕ್ಕೆ ಬ್ಯಾಂಕು, ಉಪನೋಂದಣಿ, ಕಂದಾಯ ಹೀಗೆ ಮೂರು ಕಚೇರಿ. ರೈತರನ್ನು ನೋಂದಾಯಿಸಿಕೊಳ್ಳುವ ‘ಫ್ರೂಟ್ಸ್’ ವ್ಯವಸ್ಥೆ ಬಂದ ಮೇಲೆ ಬ್ಯಾಂಕಿನವರೇ ರೈತನ ಗುರುತಿನ ಸಂಖ್ಯೆಯಿಂದ ಜಮೀನಿನ ವಿವರ ನೋಡಿ ಘೋಷಣೆಯನ್ನು ಆನ್‌ಲೈನಿನಲ್ಲಿ ಕಳಿಸಬಹುದು. ರೈತ ಬ್ಯಾಂಕಿಗೆ ಹೇಗೂ ಬಂದಿರುತ್ತಾನೆ. ಉಳಿದೆರಡು ಕಚೇರಿಗಳ ಕೆಲಸವೂ ಅಲ್ಲಿಂದಲೇ ಹೊರಡುತ್ತದೆ. ಅವನು ಹೊಸ ಆ್ಯಪ್ ಕಲಿಯಬೇಕಿಲ್ಲ.

ಎಲ್ಲವನ್ನೂ ಒಂದೇ ದಾಖಲೆಗೆ ಜೋಡಿಸಿದರೆ ಅದರ ತಪ್ಪೂ ಎಲ್ಲೆಡೆ ಹರಡದೇ ಎಂಬ ಆಕ್ಷೇಪ ತೂಕದ್ದೇ. ಪಾವಗಡದ ತಿರುಮಣಿ ಸುತ್ತ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಎದ್ದಾಗ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಹಣ ಸಂದದ್ದು ದಾಖಲೆಯಲ್ಲಿ ಹೆಸರಿದ್ದ ಜಮೀನಿನ ಒಡೆಯರಿಗೆ. ಅದೇ ಹೊಲದಲ್ಲಿ ಕೂಲಿಗೆ ದುಡಿದವರಿಗಲ್ಲ. ಪೋಡಿಯಾಗದ ಸರ್ವೆ ನಂಬರು, ತೀರಿಕೊಂಡ ತಂದೆಯ ಹೆಸರಲ್ಲೇ ಉಳಿದ ಖಾತೆ ಇದ್ದವರಿಗೆ ವೇಗದ ಕಂಪ್ಯೂಟರ್ ಅಡ್ಡಿಯನ್ನೂ ಅಷ್ಟೇ ವೇಗವಾಗಿ ತಲುಪಿಸುತ್ತದೆ. ಆದರೆ ಕಚೇರಿಗೊಂದು ದಫ್ತರವಿದ್ದರೆ ತಿದ್ದುಪಡಿಗೂ ಕಚೇರಿಗೊಂದು ಅರ್ಜಿ. ಮೂಲ ಒಂದೇ ಆದರೆ ಒಮ್ಮೆ ತಿದ್ದಿದರೆ ಸಾಕು. ಹಾಗಾಗಿ ಜೋಡಣೆಯನ್ನು ಬಿಡುವುದು ಪರಿಹಾರವಲ್ಲ. ಋಣ ಏರಿಸುವ ಅನುಕೂಲ ಬ್ಯಾಂಕಿನ ಮೇಜಿಗೆ ಬಂದಂತೆ, ಕಣ್ಣಿಗೆ ಬಿದ್ದ ತಪ್ಪಿಗೆ ತಿದ್ದುಪಡಿ ಅರ್ಜಿ ಹಾಕುವ ಅನುಕೂಲವೂ ಅದೇ ಮೇಜಿಗೆ ಬರಬೇಕು. ಸಾಲ ಕೊಡುವವರಿಗೆ ಸಿಕ್ಕ ಸೌಲಭ್ಯ ಸಾಲ ಪಡೆಯುವವರಿಗೂ ಸಲ್ಲಬೇಕಾದದ್ದು ನ್ಯಾಯ.